ಕೌದಿಯೋ ಕಂಬಳಿಯೋ: ಮೂರು ಕಾಲ ಹೊದ್ದು, ಉಡುಗೊರೆ ಕೊಟ್ಟು ಕಂಡದ್ದು

ಕೈಯಿಂದ ಮಾಡಿದ ಉಡುಗೊರೆಯನ್ನೇ ಕೊಡಬೇಕೆನ್ನುವವರಿಗೆ ನಮ್ಮ ಉತ್ತರ ಕರ್ನಾಟಕದಲ್ಲಿ ಆಯ್ಕೆಗೆ ಕೊರತೆಯಿಲ್ಲ. ಆದರೆ ಷೋಕೇಸಿನಲ್ಲಿ ಕೂರದೆ ದಿನವೂ ಮೈಗೆ ತಾಗುವ ವಸ್ತು ಬೇಕೆಂದರೆ ನನ್ನ ಮಟ್ಟಿಗೆ ಉಳಿಯುವುದು ಎರಡೇ: ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಮತ್ತು ಕುರಿ ಉಣ್ಣೆಯ ಕರಿ ಕಂಬಳಿ. ನಾನಿರುವುದು ಧಾರವಾಡದಲ್ಲಿ, ಅಕ್ಕನನ್ನು ಕೊಟ್ಟಿರುವುದು ಶಿರಸಿ ಕಡೆಯ ಹಳ್ಳಿಗೆ. ಹೀಗಾಗಿ ಎರಡನ್ನೂ ಇಲ್ಲಿನ ಜಿಟಿಜಿಟಿ ಮಳೆಯಲ್ಲೂ ಘಟ್ಟದ ಆಷಾಢದಲ್ಲೂ ಬಳಸಿದ್ದೇನೆ, ಬೇಕಾದವರಿಗೆ ಕೊಟ್ಟೂ ನೋಡಿದ್ದೇನೆ.

ಮಳೆಗಾಲದಲ್ಲಿ ಕಂಬಳಿಯದೇ ಗೆಲುವು, ಅದರಲ್ಲಿ ಚರ್ಚೆಯೇ ಇಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಅಕ್ಕನ ಊರಿನ ಹಿರಿಯರು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟುಕೊಂಡು ಗದ್ದೆಗೆ ಇಳಿಯುತ್ತಿದ್ದುದು ಈ ಗುಣವನ್ನು ನಂಬಿಯೇ. ನಾನೂ ಹಾಗೆ ಹೊದ್ದು ಅಡಿಕೆ ತೋಟ ಸುತ್ತಿದ್ದೇನೆ. ಸ್ವಲ್ಪ ಹೊತ್ತಿಗೆ ಹೆಗಲ ಮೇಲೆ ಭಾರ ಏರುತ್ತದೆ, ಬೆನ್ನು ಮಾತ್ರ ಬೆಚ್ಚಗೇ ಇರುತ್ತದೆ. ಪ್ಲಾಸ್ಟಿಕ್ ಕೊಪ್ಪೆಯೊಳಗಿನ ಬೆವರು, ಉಸಿರುಗಟ್ಟುವಿಕೆ ಇದರಲ್ಲಿಲ್ಲ. ಕೌದಿಗೆ ಈ ಕಾಲ ಆಗಿಬರುವುದಿಲ್ಲ. ಪದರ ಪದರವಾದ ಹತ್ತಿಬಟ್ಟೆ ಗಾಳಿಯ ತೇವವನ್ನೇ ಕುಡಿದು ತಣ್ಣಗಾಗುತ್ತದೆ, ವಾರದೊಳಗೆ ಮುಗ್ಗಲು ವಾಸನೆ ಹಿಡಿಯುತ್ತದೆ. ಅಕ್ಕ ತನ್ನ ಕೌದಿಗಳನ್ನು ಬಚ್ಚಲೊಲೆಯ ಬಳಿ ಹಗ್ಗ ಕಟ್ಟಿ ಆರಿಸಬೇಕಾಗುತ್ತದೆ. ಘಟ್ಟದ ಮನೆಗೆ ಕೊಡುವುದಿದ್ದರೆ ಕಂಬಳಿಯನ್ನೇ ಕೊಡಿ.

ಆದರೆ ಹೊಸ ಕಂಬಳಿಯನ್ನು ಕೊಟ್ಟ ದಿನವೇ ಯಾರೂ ಮೆಚ್ಚುವುದಿಲ್ಲ. ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳಿಗೆ, ಹುಣಸೆ ಬೀಜದ ಗಂಜಿ ಬಳಿದು ನೇಯುವುದರಿಂದ ಅದು ಬಿರುಸಾಗಿರುತ್ತದೆ, ಕುರಿಯ ವಾಸನೆಯೂ ಇರುತ್ತದೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಮೊದಲೇ ಒರಟು. ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ನಾಲ್ಕಾರು ಸಲ ಒಗೆದು ನೆರಳಿನಲ್ಲಿ ಆರಿಸಿದ ಮೇಲೆ ಗಂಜಿ ಬಿಟ್ಟು ಮೆತ್ತಗಾಗುತ್ತದೆ. ಬಿಸಿನೀರು ಮಾತ್ರ ಬೇಡ. ಅದರಲ್ಲಿ ಹಾಕಿ ಕುಕ್ಕಿದರೆ ಉಣ್ಣೆ ಕುಗ್ಗಿ ಗಂಟುಗಟ್ಟುತ್ತದೆ. ಈ ನಾಲ್ಕು ಮಾತನ್ನು ಒಂದು ಚೀಟಿಯಲ್ಲಿ ಬರೆದು ಕಂಬಳಿಯ ಜೊತೆಗೇ ಇಡುತ್ತೇನೆ. ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಕಡೆ ಕುರುಬ ಮನೆತನಗಳು ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಕುಣಿಮಗ್ಗದಲ್ಲಿ ನೇಯ್ದುದನ್ನೇ ಕೊಂಡರೆ ದುಡ್ಡು ದುಡಿದವರ ಕೈ ಸೇರುತ್ತದೆ. ಬಣ್ಣ ಹಾಕದ, ಕುರಿಯ ಮೈಬಣ್ಣವೇ ಉಳಿದಿರುವ ಕಪ್ಪು ನನಗೆ ಎಲ್ಲಕ್ಕಿಂತ ಇಷ್ಟ.

ಪೇಟೆಯಲ್ಲಿ ಕಂಬಳಿಯೆಂದು ಕೊಡುವುದೆಲ್ಲ ಉಣ್ಣೆಯಲ್ಲ. ಅಂಚಿನ ಒಂದೆಳೆ ಕಿತ್ತು ಸುಟ್ಟು ನೋಡಿ: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿ ಕಟ್ಟುತ್ತದೆ. ಅಂಗಡಿಯವರು ಎಳೆ ಕೀಳಲು ಬಿಡದಿದ್ದರೆ ನಾನು ಮುಂದಿನ ಅಂಗಡಿಗೆ ಹೋಗುತ್ತೇನೆ.

ಚಳಿಗಾಲಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಸಂಕ್ರಾಂತಿಯ ಮುಂಚಿನ ವಾರಗಳಲ್ಲಿ ಧಾರವಾಡದ ರಾತ್ರಿ ಒಣಗಿರುತ್ತದೆ. ಒಣ ಚಳಿಗೆ ಕೌದಿ ಹೇಳಿ ಮಾಡಿಸಿದ್ದು. ಬರಿಮೈಗೆ ಕಂಬಳಿ ಚುಚ್ಚುತ್ತದೆ. ಕೌದಿಯ ಒಳಮೈಯಾದರೋ ವರ್ಷಗಟ್ಟಲೆ ಉಟ್ಟು ಒಗೆದು ಸವೆದ ಸೀರೆ. ಅದರ ತೂಕವೂ ಒಂದು ಸುಖ: ತಾಯಿ ಮಗುವಿನ ಬೆನ್ನ ಮೇಲೆ ಕೈಯಿಟ್ಟು ಮಲಗಿಸುವಂತೆ ಅದು ಮೈಯನ್ನು ಹಗುರಾಗಿ ಒತ್ತಿ ಹಿಡಿಯುತ್ತದೆ. ಕಂಬಳಿ ಹೊದ್ದಾಗ ಬೆಚ್ಚಗೆ ಮಲಗುತ್ತೇನೆ, ಕೌದಿ ಹೊದ್ದಾಗ ಬೇಗ ನಿದ್ದೆ ಹೋಗುತ್ತೇನೆ. ಕೊರೆಯುವ ರಾತ್ರಿ ಒಳಗೆ ಕೌದಿ, ಮೇಲೆ ಕಂಬಳಿ. ಇದಕ್ಕಿಂತ ಹಿತವಾದ ಹೊದಿಕೆಯನ್ನು ನಾನು ಹೊದ್ದಿಲ್ಲ.

ಕೌದಿ ಹೊಲಿಯುವುದನ್ನು ಪಕ್ಕದಲ್ಲಿ ಕುಳಿತು ನೋಡಬೇಕು. ನಮ್ಮ ಮನೆಯ ಕೌದಿ ಹೊಲಿದ ಅಜ್ಜಿ ಹಳೆಯ ಸೀರೆ, ಧೋತರಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹರವಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಹೊಲಿಗೆ ಹಿಡಿದು ಸುತ್ತು ಸುತ್ತಾಗಿ ನಡುವಿಗೆ ಬಂದರು. ಪೆನ್ಸಿಲ್ ಗೆರೆಯಿಲ್ಲ, ಅಳತೆ ಪಟ್ಟಿಯಿಲ್ಲ. ಕೊನೆಯ ಕಿಂಡಿ ಮುಚ್ಚುವ ಮೊದಲು ರೊಟ್ಟಿಯ ಚೂರೊಂದನ್ನು ಒಳಗಿಟ್ಟು, "ಕೌದಿಯ ಹೊಟ್ಟೆ ಖಾಲಿ ಇರಬಾರದವ್ವ" ಎಂದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿಯೂ ಹೀಗೆಯೇ ಅಂಚಿನಿಂದ ನಡುವಿಗೆ ಬರುತ್ತದೆ. ಅದರ ನಾಲ್ಕು ಮೂಲೆಗೂ ಮಡಿಸಿದ ಮುಮ್ಮೂಲೆ ಬಟ್ಟೆಯ 'ಫೂಲ'ಗಳಿರುತ್ತವೆ. ಅವಿಲ್ಲದಿದ್ದರೆ ಕವಂದಿ ಪೂರ್ತಿಯಾಗಿಲ್ಲವೆಂದೇ ಅವರು ಎಣಿಸುತ್ತಾರೆ. ಅಂದಕ್ಕೆ ನಾನು ಕವಂದಿಗೇ ಮೊದಲ ಸ್ಥಾನ ಕೊಡುತ್ತೇನೆ. ಕೆಂಪಿನ ಪಕ್ಕ ಹಳದಿ, ಅದರ ಪಕ್ಕ ಗಾಢ ನೀಲಿ ಇಡುವ ಧೈರ್ಯ ಆ ಕೈಗಳಿಗಿದೆ.

ಬೇಸಿಗೆಯಲ್ಲಿ ಕಂಬಳಿ ಒಣ ಬೇವಿನ ಸೊಪ್ಪಿನೊಂದಿಗೆ ಪೆಟ್ಟಿಗೆ ಸೇರುತ್ತದೆ, ಇಲ್ಲವಾದರೆ ಹುಳು ಹಿಡಿಯುತ್ತದೆ. ಕೌದಿಗೆ ಆಗಲೂ ಕೆಲಸವಿದೆ. ಮಾಳಿಗೆಯ ಮೇಲೆ ಹಾಸಿದರೆ ಬೆನ್ನಿನ ಬೆವರು ಹೀರಿ ತಂಪಾಗಿರುತ್ತದೆ. ನವಲಗುಂದದ ಹೆಂಗಸರು ನೇಯುವ ಹತ್ತಿಯ ಜಮಖಾನವೂ ಬೇಸಿಗೆಗೆ ಸೊಗಸು. ಆದರೆ ಅದು ಕೂರುವುದಕ್ಕೆ, ಮಲಗುವುದಕ್ಕಲ್ಲ.

ಇನ್ನು ಉಡುಗೊರೆಯ ಮಾತು. ಭಾವನವರ ತಂದೆಗೆ ಕಂಬಳಿ ಕೊಟ್ಟೆ, ಅವರು ಅದನ್ನು ಬೆಳಗಿನ ಚಹಾದ ಹೊತ್ತಿಗೂ ಹೆಗಲಿಂದ ಇಳಿಸುವುದಿಲ್ಲ. ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ಗೆಳತಿಗೂ ಕಂಬಳಿಯನ್ನೇ ಕೊಟ್ಟೆ, ಅದು ಮಂಚದ ಕೆಳಗೆ ಉಳಿಯಿತು. ಅಕ್ಕನ ಮಗಳು ಬಸುರಿಯಾದಾಗ ಮಾಡಿಸಿದ್ದು ಕೌದಿ. ಅದರಲ್ಲಿ ಅವ್ವನ ಇಳಕಲ್ಲ ಸೀರೆಯ ಕೆಂಪು-ಬಿಳಿ ವಿನ್ಯಾಸದ ತೋಪುತೆನಿ ಸೆರಗು ನಡುವಿಗಿತ್ತು, ಅಪ್ಪನ ಧೋತರ ಒಳಪದರ, ಹುಡುಗಿಯದೇ ಶಾಲೆಯ ಲಂಗದ ತುಂಡುಗಳು ಅಂಚಿಗೆ. ಬಿಚ್ಚಿದವಳು ಒಂದೊಂದು ತುಂಡನ್ನೂ ಬೆರಳಿಟ್ಟು ಗುರುತಿಸಿದಳು. ಈಗ ಮಗು ಅದರ ಮೇಲೆಯೇ ಬೋರಲು ಬೀಳುತ್ತದೆ. ಕಂಬಳಿ ಎಷ್ಟೇ ಒಳ್ಳೆಯದಿದ್ದರೂ ಯಾರಿಗಾದರೂ ಕೊಡಬಹುದಾದ ವಸ್ತು. ಆ ಕೌದಿ ಅವಳಿಗೆ ಬಿಟ್ಟು ಇನ್ನೊಬ್ಬರಿಗೆ ಸಲ್ಲುವುದಿಲ್ಲ. ಹೊದಿಕೆಯಾಗಿ ಎರಡನ್ನೂ ಸರಿಸಮ ತೂಗುವ ನಾನು, ಉಡುಗೊರೆಯೆಂದಾಗ ಹಿಂದೆಮುಂದೆ ನೋಡದೆ ಕೌದಿಯ ಕಡೆ ನಿಲ್ಲುತ್ತೇನೆ.

ಮಾಡಿಸುವುದಿದ್ದರೆ ಬಟ್ಟೆಯನ್ನು ನೀವೇ ಆರಿಸಿ ಕೊಡಿ. ಹತ್ತಿಯದಷ್ಟೇ ಇರಲಿ, ನಡುವೆ ಸಿಂಥೆಟಿಕ್ ಸೀರೆ ಸೇರಿದರೆ ಬೇಸಿಗೆಯಲ್ಲಿ ಬೆವರು ಹೀರುವುದಿಲ್ಲ. ತೀರ ಪಿಸಿದ ಬಟ್ಟೆ ಒಳಪದರಕ್ಕೆ, ಗಟ್ಟಿಯಿರುವುದು ಹೊರಮೈಗೆ. ಮಗುವಿಗಾದರೆ ಪದರ ಕಡಿಮೆ ಇರಲೆಂದು ಮೊದಲೇ ಹೇಳಿ. ಕೂಲಿಯಲ್ಲಿ ಚೌಕಾಶಿ ಬೇಡ, ವಾರಗಟ್ಟಲೆ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಮಾಡುವ ಕೆಲಸವದು. ನಮ್ಮ ಕಡೆ ಹೊಲಿಯುವ ಹೆಂಗಸರಿಗೆ ಬಿಡುವಿರುವುದು ಸುಗ್ಗಿ ಮುಗಿದ ಮೇಲೆ. ರೋಹಿಣಿ ಮಳೆ ಬಿದ್ದರೆ ಅವರೆಲ್ಲ ಹೊಲಕ್ಕೆ ಹೊರಡುತ್ತಾರೆ. ಮುಂದಿನ ಚಳಿಗೆ ಬೇಕಾದ ಕೌದಿಯ ಬಟ್ಟೆಗಂಟನ್ನು ಯುಗಾದಿಯ ಹೊತ್ತಿಗೇ ಅವರ ಮನೆ ಮುಟ್ಟಿಸಿ.