ಎಸಿಎಂ ನೀತಿಸಂಹಿತೆ ಮತ್ತು ಪ್ರಕರಣಗಳು: ಸಾಫ್ಟ್‌ವೇರ್ ವಿನ್ಯಾಸದ ತರಗತಿಗೆ ಎಷ್ಟು ಒದಗುತ್ತವೆ?

ಕಂಪ್ಯೂಟರ್ ವೃತ್ತಿಯವರ ಅಂತರರಾಷ್ಟ್ರೀಯ ಸಂಘವಾದ ಎಸಿಎಂ, 1992ರ ತನ್ನ ನೀತಿಸಂಹಿತೆಯನ್ನು ತಿದ್ದಿ 2018ರಲ್ಲಿ ಹೊಸದನ್ನು ಹೊರತಂದಿತು. ಸಂಹಿತೆ, ಅದಕ್ಕೆ ಹೊಂದಿಸಿ ಬರೆದ ಕಲ್ಪಿತ ಪ್ರಕರಣಗಳು, ‘ಕೇರ್’ ಎಂಬ ನಾಲ್ಕು ಹಂತದ ಪ್ರಶ್ನಾವಳಿ, ಈ ಮೂರೂ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ವಿನ್ಯಾಸ ಕಲಿಸುವ ಮೇಷ್ಟ್ರುಗಳಿಗೆ ಇಷ್ಟು ಅಚ್ಚುಕಟ್ಟಾದ ಸಾಮಗ್ರಿ ಒಂದೇ ಕಡೆ ಸಿಗುವುದು ಅಪರೂಪ. ಆದರೆ ಇದನ್ನು ಓದಿಸಿ ಕೈತೊಳೆದುಕೊಂಡರೆ ಏನೂ ಆಗುವುದಿಲ್ಲ. ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಇದನ್ನೇ ಪರೀಕ್ಷಿಸಿದರು. 63 ವಿದ್ಯಾರ್ಥಿಗಳು ಮತ್ತು 105 ವೃತ್ತಿನಿರತರ ಪೈಕಿ, ಸಂಹಿತೆಯನ್ನು ತೋರಿಸಿದವರ ತೀರ್ಮಾನಗಳಿಗೂ ತೋರಿಸದವರ ತೀರ್ಮಾನಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಸಂಹಿತೆಯಲ್ಲಿ ನಾಲ್ಕು ಭಾಗ, ಒಟ್ಟು 25 ತತ್ವಗಳಿವೆ. ವಿನ್ಯಾಸದ ತರಗತಿಗೆ ಅಷ್ಟೂ ಬೇಕಿಲ್ಲ. ಹಾನಿ ತಪ್ಪಿಸುವುದು (1.2), ಖಾಸಗಿತನ (1.6), ಅಪಾಯಗಳ ಸಮಗ್ರ ಮೌಲ್ಯಮಾಪನ (2.5), ಬಳಸಲು ತೊಡಕಿಲ್ಲದ ಗಟ್ಟಿ ಸುರಕ್ಷತೆ (2.9), ವ್ಯವಸ್ಥೆಯನ್ನು ಬದಲಿಸುವಾಗ ಅಥವಾ ನಿಲ್ಲಿಸುವಾಗ ತೋರಬೇಕಾದ ಎಚ್ಚರ (3.6): ಈ ಐದು ಸಾಕು. ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅದು ತಪ್ಪು. ಹಳೆಯ ಆವೃತ್ತಿಯನ್ನೇ ನೆಚ್ಚಿಕೊಂಡವರ ಗತಿ ಏನು ಎಂಬುದು ವಿನ್ಯಾಸಕಾರನ ಪ್ರಶ್ನೆಯೇ.

ಪ್ರಕರಣಗಳ ಪೈಕಿ ಹೆಚ್ಚು ಕಸುವಿರುವುದು ಹೃದಯದ ಉಪಕರಣದ್ದು. ಕೊರಜೋನ್ ಎಂಬ ಕಲ್ಪಿತ ಕಂಪನಿ ದೇಹದೊಳಗೆ ಅಳವಡಿಸುವ ಸಾಧನ ಮಾಡುತ್ತದೆ, ಅದು ಫೋನಿನ ಆ್ಯಪ್ ಜೊತೆ ಮಾತಾಡುತ್ತದೆ. ಕೋಡ್‌ನಲ್ಲೇ ನೇರವಾಗಿ ಬರೆದಿಟ್ಟ ಒಂದು ಮೌಲ್ಯದಿಂದ ಸುರಕ್ಷತೆಯಲ್ಲಿ ದೋಷವಿದೆ ಎಂದು ಹೊರಗಿನ ಸಂಶೋಧಕರೊಬ್ಬರು ತಿಳಿಸುತ್ತಾರೆ. ಪರಿಶೀಲಿಸಿದ ಮೇಲೆ ಅಪಾಯ ನಗಣ್ಯ ಎಂಬ ತೀರ್ಮಾನ ಬರುತ್ತದೆ. ತೊಂದರೆ ಎಂದರೆ, ಕಥೆಯ ಕೆಳಗೇ ಸಂಘದ ವಿಶ್ಲೇಷಣೆಯೂ ಇದೆ. ಕೊಂಡಿ ಕೊಟ್ಟರೆ ಹುಡುಗರು ನೇರ ಅಲ್ಲಿಗೇ ಹೋಗುತ್ತಾರೆ. ಕಥೆಯನ್ನಷ್ಟೇ ಮುದ್ರಿಸಿ ಕೊಡಿ. ಮೊದಲ 10 ನಿಮಿಷ ಪ್ರತಿಯೊಬ್ಬರೂ ಒಬ್ಬರೇ ಕೂತು, ಯಾರಿಗೆ ಏನು ಕೆಡುಕಾದೀತು ಎಂದು ಬರೆಯಲಿ. ಆಮೇಲೆ ನಾಲ್ವರ ಗುಂಪಿನಲ್ಲಿ 20 ನಿಮಿಷ ಚರ್ಚೆ. ಸಾಮಾನ್ಯವಾಗಿ ಅರ್ಧ ತರಗತಿ ‘ನಗಣ್ಯ ಎಂದ ಮೇಲೆ ಬಿಡಿ’ ಅನ್ನುತ್ತದೆ, ಉಳಿದರ್ಧ ‘ಮಾರಾಟ ನಿಲ್ಲಿಸಿ’ ಅನ್ನುತ್ತದೆ. ಎರಡರಲ್ಲೂ ವಿನ್ಯಾಸದ ಸುಳಿವಿಲ್ಲ. ಅಲ್ಲಿಂದ ಮುಂದಕ್ಕೆ ತಳ್ಳಬೇಕು. ಎಲ್ಲಕ್ಕೂ ಒಂದೇ ಮೌಲ್ಯ ಬರೆದಿಡುವ ಬದಲು, ಪ್ರತಿ ಸಾಧನಕ್ಕೂ ಕಾರ್ಖಾನೆಯಲ್ಲೇ ಬೇರೆ ಬೇರೆ ಕೀಲಿ (ಗುಪ್ತ ಸಂಕೇತ) ತುಂಬಬಹುದೇ? ಈಗಾಗಲೇ ಜನರ ಎದೆಯೊಳಗಿರುವ ಸಾಧನಗಳನ್ನು ಏನು ಮಾಡುವುದು? ದೂರದಿಂದಲೇ ಅಪ್‌ಡೇಟ್ ಕಳಿಸುವ ದಾರಿ ತೆರೆದರೆ, ದಾಳಿಗೂ ಅದೇ ಬಾಗಿಲಾಗುವುದಿಲ್ಲವೇ? ಅದಕ್ಕೆ ಬ್ಯಾಟರಿ ಎಷ್ಟು ಖರ್ಚು? ಹೀಗೆ ಕೇಳುತ್ತಾ ಹೋದಾಗಲೇ ನೀತಿ ಎಂಬುದು ವಿನ್ಯಾಸದ ಚಿತ್ರದೊಳಕ್ಕೆ ಇಳಿಯುವುದು.

ಈ ಸಾಮಗ್ರಿಯ ದೊಡ್ಡ ಕೊರತೆ, ಎಲ್ಲವೂ ಕಲ್ಪಿತ. ಹಲವು ಪ್ರಕರಣಗಳಲ್ಲಿ ತಪ್ಪು ಯಾರದೆಂದು ಎರಡನೇ ಪ್ಯಾರಾದಲ್ಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ನಿಜವಾಗಿ ನಡೆದ ಒಂದನ್ನು ಸೇರಿಸಲೇಬೇಕು. ಥೆರಾಕ್-25 ವಿಕಿರಣ ಚಿಕಿತ್ಸಾ ಯಂತ್ರ ಇದಕ್ಕೆ ತಕ್ಕದ್ದು. 1985ರಿಂದ 1987ರ ನಡುವೆ ಆರು ಮಂದಿಗೆ ಮಿತಿಮೀರಿದ ವಿಕಿರಣ ಬಿತ್ತು. ಹಿಂದಿನ ಮಾದರಿಯಲ್ಲಿದ್ದ ಹಾರ್ಡ್‌ವೇರ್ ತಡೆಗಳನ್ನು ತೆಗೆದು ಕೆಲಸವನ್ನು ಸಾಫ್ಟ್‌ವೇರ್‌ಗೆ ವಹಿಸಲಾಗಿತ್ತು. ಅದರಲ್ಲಿದ್ದ ಒಂದು ದೋಷವನ್ನು ಬೋರ್ಡಿನ ಮೇಲೆ ಬರೆದು ತೋರಿಸಿ: ಪರೀಕ್ಷೆ ಬೇಕು ಎಂದು ಸೂಚಿಸುವ ಚರಾಂಶ (ವೇರಿಯಬಲ್) ಒಂದೇ ಬೈಟ್‌ನದು, ಅಂದರೆ ಅದರಲ್ಲಿ 255ರವರೆಗಿನ ಸಂಖ್ಯೆ ಮಾತ್ರ ಹಿಡಿಸುತ್ತದೆ, ಪ್ರತಿ ಸುತ್ತಿಗೂ ಅದಕ್ಕೆ ಒಂದು ಕೂಡಿಸುತ್ತಿದ್ದರು. 255 ದಾಟಿದ ಕೂಡಲೇ ಸೊನ್ನೆ. ಸೊನ್ನೆ ಎಂದರೆ ಪರೀಕ್ಷೆ ಬೇಡ. ಆ ಕ್ಷಣದಲ್ಲಿ ಗುಂಡಿ ಒತ್ತಿದರೆ ಸುರಕ್ಷಾ ಪರೀಕ್ಷೆಯೇ ನಡೆಯುತ್ತಿರಲಿಲ್ಲ. ಒಂದು ಕೂಡಿಸುವ ಬದಲು ಸೊನ್ನೆಯಲ್ಲದ ಸ್ಥಿರ ಮೌಲ್ಯ ಇಟ್ಟಿದ್ದರೆ ಮುಗಿಯುತ್ತಿತ್ತು. ಇಲ್ಲಿ ಖಳನಾಯಕನಿಲ್ಲ. ತಡೆ ತೆಗೆದ ನಿರ್ಧಾರವಿದೆ, ದೂರುಗಳನ್ನು ನಂಬದ ಧೋರಣೆಯಿದೆ.

‘ಕೇರ್’ ಪ್ರಶ್ನಾವಳಿ ಪರವಾಗಿಲ್ಲ, ಚರ್ಚೆ ದಾರಿತಪ್ಪದಂತೆ ಹಿಡಿದಿಡುತ್ತದೆ.

ಅಂಕ ಕೊಡುವುದು ಹೇಗೆ ಎಂಬುದಕ್ಕೆ ಈ ಸಾಮಗ್ರಿಯಲ್ಲಿ ಉತ್ತರವಿಲ್ಲ, ಹೆಚ್ಚಿನ ಕೋರ್ಸುಗಳು ಮುಗ್ಗರಿಸುವುದೂ ಇಲ್ಲೇ. ಪ್ರಬಂಧ ಬರೆಸಿದರೆ ಸಂಹಿತೆಯ ವಾಕ್ಯಗಳೇ ವಾಪಸ್ ಬರುತ್ತವೆ. ಬದಲಿಗೆ ಪ್ರಾಜೆಕ್ಟಿನ ವಿನ್ಯಾಸ ದಾಖಲೆಯಲ್ಲಿ ಒಂದು ಪುಟ ಕಡ್ಡಾಯ ಮಾಡಿ, 100ಕ್ಕೆ 10 ಅಂಕ ಇಡಿ. ತಂತ್ರಾಂಶ ಬಳಸದಿದ್ದರೂ ಅದರ ಪರಿಣಾಮ ತಟ್ಟುವವರು ಯಾರು, ಕೆಡುಕು ಏನು, ಅದಕ್ಕಾಗಿ ವಿನ್ಯಾಸದಲ್ಲಿ ಬದಲಾದದ್ದೇನು, ಸರಿಪಡಿಸಲಾಗದೆ ಉಳಿದದ್ದೇನು, ಇಷ್ಟು ಇರಲಿ. ‘ಬಳಕೆದಾರರ ಖಾಸಗಿತನವನ್ನು ಗೌರವಿಸುತ್ತೇವೆ’ ಎಂದರೆ ಸೊನ್ನೆ. ‘ಜನ್ಮದಿನಾಂಕದ ಕಾಲಂ ತೆಗೆದೆವು, 18 ತುಂಬಿದೆಯೇ ಎಂಬ ಹೌದು-ಇಲ್ಲ ಮಾತ್ರ ಉಳಿಸಿದೆವು’ ಎಂದರೆ ಪೂರ್ತಿ ಅಂಕ.

ಈ ಪುಟ ಯಾವಾಗ ಬರಬೇಕು ಎಂಬುದೂ ಮುಖ್ಯ. ಅಗತ್ಯಗಳ ಪಟ್ಟಿ ಸಿದ್ಧವಾದ ವಾರ, ಕ್ಲಾಸ್ ಡಯಾಗ್ರಾಂ (ತಂತ್ರಾಂಶದ ಭಾಗಗಳನ್ನೂ ಅವುಗಳ ಸಂಬಂಧವನ್ನೂ ತೋರಿಸುವ ನಕ್ಷೆ) ಬರೆಯುವ ಮುಂಚೆ ಕೇಳಿ. ಸೆಮಿಸ್ಟರಿನ ಕೊನೆಗೆ ಕೇಳಿದರೆ, ಕೋಡ್ ಓಡುತ್ತಿರುವಾಗ ಡೇಟಾಬೇಸಿನಿಂದ ಒಂದು ಕಾಲಂ ತೆಗೆಯಲೂ ಯಾವ ತಂಡವೂ ಒಪ್ಪುವುದಿಲ್ಲ.