ದುಡ್ಡು ಕೊಟ್ಟು ಪಡೆದ ಪ್ರಚಾರ: ಹೊಗಳಿಕೆ ದಂಡ, ತಿರಸ್ಕಾರ ಲಾಭ

ಸ್ವತಂತ್ರ ತಂಡಗಳ ಹಾಡುಗಳನ್ನು ದೇಶವಿದೇಶದ ಸಂಗೀತ ಪತ್ರಿಕೆಗಳಿಗೂ ರೇಡಿಯೊಗಳಿಗೂ ತಲುಪಿಸಿಕೊಡುವ ಜಾಲತಾಣಗಳು ಈಗ ಹಲವಾರಿವೆ. ಅವುಗಳಲ್ಲಿ ಒಂದನ್ನು ನಮ್ಮ ತಂಡ ಮೊದಲ ಹಾಡಿನಿಂದಲೂ ಬಳಸುತ್ತಿದೆ. ಹೆಸರು ಬರೆಯುವುದಿಲ್ಲ. ಬಳಸಿದವರಿಗೆ ಯಾವುದೆಂದು ತಾನಾಗಿಯೇ ತಿಳಿಯುತ್ತದೆ. ಬಳಸದವರು ಯಾವುದಕ್ಕೆ ಸೇರುವುದಿದ್ದರೂ ಇದನ್ನು ಓದಿಕೊಳ್ಳಲಿ.

ನಾವು ನಾಲ್ವರು, ತೀರ್ಥಹಳ್ಳಿ ಕಡೆಯವರು. ನುಡಿಸುವುದು ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡಿಕೆಯಿಂದ ಹುಟ್ಟಿದ ಬ್ಲೂಸ್ ರಾಕ್, ಅದರಲ್ಲೂ ಸ್ವಲ್ಪ ಕತ್ತಲೆಯ ಕಡೆಗೆ ವಾಲಿದ್ದು. ಗಿಟಾರಿನವನು ಹಳೆಯ ಬ್ಲೂಸ್ ಗಾಯಕ ಸ್ಕಿಪ್ ಜೇಮ್ಸ್ ಬಳಸುತ್ತಿದ್ದ ಮೈನರ್ ಶ್ರುತಿಯನ್ನು ಬಿಟ್ಟು ಬೇರೆ ಶ್ರುತಿಗೆ ತಂತಿ ಬಿಗಿಯುವವನಲ್ಲ. ಅಭ್ಯಾಸ ನಡೆಯುವುದು ಅಡಿಕೆ ಬೇಯಿಸುವ ಕೊಟ್ಟಿಗೆಯಲ್ಲಿ. ಕೊಯ್ಲು ಶುರುವಾಯಿತೆಂದರೆ ಒಲೆಗೂ ಹಂಡೆಗೂ ಜಾಗ ಬಿಟ್ಟು ನಾವು ಹೊರಗೆ. ಇಂಗ್ಲಿಷಿನಲ್ಲಿ ಪತ್ರ ಬರೆಯುವ ಸಹನೆ ಉಳಿದವರಿಗೆ ಇಲ್ಲವಾದ್ದರಿಂದ ಪ್ರಚಾರದ ಕೆಲಸ ನನ್ನ ತಲೆಗೆ ಬಂತು.

ದರ, ನಿಯಮಗಳೆಲ್ಲ ತಾಣದಲ್ಲೇ ಇವೆ. ಅಲ್ಲಿ ಬರೆಯದೇ ಇರುವುದು ಒಂದಿದೆ: ನಮ್ಮ ಕಾರ್ಡಿನಿಂದ ಡಾಲರಿನಲ್ಲಿ ಪಾವತಿಸಿದರೆ ಬ್ಯಾಂಕು ವಿದೇಶಿ ವಹಿವಾಟಿನ ಶುಲ್ಕವನ್ನೂ, ಆ ಶುಲ್ಕದ ಮೇಲೆ 18% ಜಿಎಸ್‌ಟಿಯನ್ನೂ ಹಿಡಿಯುತ್ತದೆ. ಜಾತ್ರೆಯಲ್ಲಿ, ಕಾಲೇಜು ಉತ್ಸವದಲ್ಲಿ ನುಡಿಸಿ ಬಂದ ಹಣದಲ್ಲಿ ಪೆಟ್ರೋಲು ಕಳೆದು ಉಳಿದದ್ದರಲ್ಲಿ ಪ್ರಚಾರ ಮಾಡುವವರಿಗೆ ಇದು ಸಣ್ಣ ಮಾತಲ್ಲ.

ಮನೆಯಲ್ಲಿ ಸಿಗ್ನಲ್ ಇಲ್ಲ. ಹಿಂದಿನ ಧರೆ ಹತ್ತಿ ಹಲಸಿನ ಮರದ ಬುಡಕ್ಕೆ ಹೋಗಬೇಕು. ಹಾಡು ಕಳುಹಿಸಿದ ಮೇಲಿನ ದಿನಗಳಲ್ಲಿ ಬೆಳಗಿನ ಕಾಫಿ ಅಲ್ಲೇ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಮೊಬೈಲ್, ಕತ್ತು ಮತ್ತು ಭುಜದ ನಡುವೆ ಕೊಡೆಯ ಹಿಡಿ. ಪುಟ ನಿಧಾನವಾಗಿ ತೆರೆದುಕೊಳ್ಳುತ್ತದೆ: ಸಂಪಾದಕರ ಹೆಸರು, ಪಕ್ಕದಲ್ಲಿ ಒಪ್ಪಿದ್ದರೆ ಹಸಿರು, ತಿರಸ್ಕರಿಸಿದ್ದರೆ ಕೆಂಪು ಚುಕ್ಕೆ, ಅದರ ಕೆಳಗೆ ಅವರು ಹಾಡು ಕೇಳಿದ ಅವಧಿ. ಆ ಅವಧಿಯೇ ಈ ತಾಣದ ಅತ್ಯಂತ ಪ್ರಾಮಾಣಿಕ ಅಂಕಿ. ‘ಅದ್ಭುತ ಗಿಟಾರ್ ವಾದನ’ ಎಂದು ಬರೆದ ಮಹಾಶಯರೊಬ್ಬರು ಕೇಳಿದ್ದು 31 ಸೆಕೆಂಡು. ನಮ್ಮ ಹಾಡಿನಲ್ಲಿ ಗಿಟಾರ್ ಬರುವುದು 50ನೇ ಸೆಕೆಂಡಿಗೆ.

‘ಖಚಿತ ಪ್ರಕಟಣೆ’ ಎಂಬ ದುಬಾರಿ ಯೋಜನೆಯ ಕಥೆ ಇದಕ್ಕಿಂತ ಚಂದ. ಅದನ್ನು ಕೊಂಡ ವಾರದಲ್ಲೇ ಲೇಖನಗಳ ಕೊಂಡಿಗಳು ಸಾಲುಗಟ್ಟಿ ಬಂದವು. ಇಟಲಿಯದ್ದೊಂದು, ಬ್ರೆಜಿಲಿನದ್ದೊಂದು, ಇಂಗ್ಲೆಂಡಿನದ್ದೊಂದು. ನೆಂಟರಿಷ್ಟರಿಗೆಲ್ಲ ಕಳುಹಿಸಿ ಬೀಗಿದ್ದಾಯಿತು. ಆಮೇಲೆ ಕುಳಿತು ಓದಿದರೆ ಎಲ್ಲವೂ ನಾನೇ ಬರೆದು ಕಳುಹಿಸಿದ ಪತ್ರಿಕಾ ಟಿಪ್ಪಣಿ! ‘ಆಗುಂಬೆಯ ಮಳೆಯಲ್ಲಿ ನೆನೆದ ಬ್ಲೂಸ್’ ಎಂಬ ನನ್ನ ಸಾಲು, ಬರೆದ ವಿಮರ್ಶಕರ ಸ್ವಂತ ಮಾತೆಂಬಂತೆ ಎಲ್ಲ ಕಡೆಯೂ ಕುಳಿತಿತ್ತು. ಒಂದರಲ್ಲಿ ಮಾತ್ರ ಯಾವುದೋ ಯಂತ್ರ ವಾಕ್ಯ ಬದಲಿಸಿತ್ತು: ಆಗುಂಬೆ ಹೋಗಿ ಅಮೆಜಾನ್ ಆಗಿತ್ತು, ಅಡಿಕೆ ಕೊಟ್ಟಿಗೆ ತೆಂಗಿನಕಾಯಿ ಕಾರ್ಖಾನೆಯಾಗಿತ್ತು. ಕಡಿಮೆ ದರ್ಜೆಯ ಗೊರಬಲು ಅಡಿಕೆಯ ಚೀಲಕ್ಕೆ ಮೇಲ್ದರ್ಜೆಯ ‘ಸರಕು’ ಎಂದು ಚೀಟಿ ಅಂಟಿಸಿ ಶಿವಮೊಗ್ಗದ ಮಂಡಿಗೆ ಕಳುಹಿಸಿದರೆ ಅಲ್ಲಿನವರು ಚೀಲ ಬಿಚ್ಚಿ ಕೈಹಾಕಿ ನೋಡುತ್ತಾರೆ. ಇಲ್ಲಿ ಚೀಲ ಬಿಚ್ಚುವವರೇ ಇಲ್ಲ.

ಟಿಪ್ಪಣಿಗೆ ಅವರು ಸೇರಿಸಿದ್ದು ಒಂದೇ, ನಾಲ್ದಾರಿಯಲ್ಲಿ ಸೈತಾನನಿಗೆ ಆತ್ಮ ಮಾರಿದನೆಂಬ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್‌ನ ಕಥೆ. 1936–37ರಲ್ಲಿ ಟೆಕ್ಸಾಸಿನಲ್ಲಿ 29 ಹಾಡುಗಳನ್ನು ಧ್ವನಿಮುದ್ರಿಸಿ 27ನೇ ವಯಸ್ಸಿಗೆ ತೀರಿಕೊಂಡವನ ಬಗ್ಗೆ ಹೇಳಲು ಬೇರೇನೂ ಇಲ್ಲವೇ? ಬ್ಲೂಸ್ ಎಂದ ಕೂಡಲೇ ಆ ಸೈತಾನ ಹಾಜರು.

ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಆ ಹಾಡು ಮಳೆಯ ಬಗ್ಗೆ ಅಲ್ಲವೇ ಅಲ್ಲ, ಮುಳುಗಡೆಯ ಬಗ್ಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರು, ಗದ್ದೆ, ತೋಟಗಳು ನೀರಿನಡಿಗೆ ಹೋದವು. ನಮ್ಮ ಬೇಸ್ ಗಿಟಾರಿನವನ ಅಜ್ಜ ಅಲ್ಲಿಂದ ಎದ್ದು ಬಂದವರು. ಸಂತ್ರಸ್ತರ ಮೊಮ್ಮಕ್ಕಳು ಇವತ್ತಿಗೂ ಜಮೀನಿನ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. ಹಾಡು ಶುರುವಾಗುವುದು ಶರಾವತಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚಿನ ಇಂಜಿನ್ ಸದ್ದಿನಿಂದ. 2025ರಲ್ಲಿ ಸಿಗಂದೂರು ಸೇತುವೆ ಆಗುವುದಕ್ಕೆ ಮೊದಲೇ, ಹಿನ್ನೀರಿನ ನಡುವೆ ನಿಂತು ಮುದ್ರಿಸಿಕೊಂಡದ್ದು ಅದು. ಟಿಪ್ಪಣಿಯ ಎರಡನೇ ಪ್ಯಾರಾದಲ್ಲಿ ಇದೆಲ್ಲ ಇತ್ತು. ಹಾಗೆ ನೋಡಿದರೆ ಬ್ಲೂಸಿಗೂ ನೀರಿಗೂ ಹಳೆಯ ನಂಟು. 1927ರ ಮಿಸಿಸಿಪ್ಪಿ ಪ್ರವಾಹ ಎಷ್ಟೋ ಜನರನ್ನು ಮನೆ ಬಿಡಿಸಿತು, ಬ್ಲೂಸ್ ಗಾಯಕ ಚಾರ್ಲಿ ಪ್ಯಾಟನ್ 1929ರಲ್ಲಿ ಅದನ್ನೇ ಹಾಡಿದ. ಸಂಗೀತದ ಬಗ್ಗೆ ಬರೆಯುವವರಿಗೆ ಇಷ್ಟು ಸುಲಭದ ಎಳೆ ಬೇರೆ ಸಿಗುವುದಿಲ್ಲ. ಹೊಗಳಿ ಬರೆದವರಲ್ಲಿ ಒಬ್ಬರೂ ಅದನ್ನು ಹಿಡಿಯಲಿಲ್ಲ. ಇಂಜಿನ್ ಸದ್ದನ್ನು ‘ಮಳೆಕಾಡಿನ ಗುಡುಗು’ ಎಂದು ಕರೆದವರೂ ಇದ್ದರು.

ಖಾತೆ ಮುಚ್ಚಬೇಕೆಂದು ಹೊರಟಾಗ ಕಣ್ಣಿಗೆ ಬಿದ್ದದ್ದು ಕೆಂಪು ಚುಕ್ಕೆಗಳ ಪುಟ. ಅದುವರೆಗೆ ಅವನ್ನು ಓದುವ ಮನಸ್ಸೇ ಆಗಿರಲಿಲ್ಲ. ತಿರಸ್ಕರಿಸುವವರು ಕಾರಣ ಬರೆಯಲೇಬೇಕೆಂಬುದು ಇಲ್ಲಿನ ನಿಯಮ. ‘ನಮ್ಮ ಶೈಲಿಗೆ ಹೊಂದುವುದಿಲ್ಲ’ ಎಂಬ ಒಂದು ಸಾಲಿನವು ಬಹಳ ಇವೆ, ಅವನ್ನು ಬಿಡಿ. ಬೆಲ್ಜಿಯಮ್ಮಿನ ರೇಡಿಯೊದವರೊಬ್ಬರು ಹಾಡನ್ನು ಪೂರ್ತಿ ಕೇಳಿ, ಮತ್ತೆ ಮೊದಲಿನಿಂದ ಕೇಳಿದ್ದರು. ಅವರು ಬರೆದದ್ದು: 200ರಿಂದ 300 ಹರ್ಟ್ಸ್ ನಡುವಿನ ತಗ್ಗು ಸ್ವರಗಳಲ್ಲಿ ಬೇಸ್, ಗಿಟಾರ್ ಎರಡೂ ಸೇರಿ ಕೆಸರಾಗಿದೆ, ಒಂದನ್ನು ತಗ್ಗಿಸಿ; ಎರಡನೇ ಚರಣದಲ್ಲಿ ಹಾಡುಗಾರ ಪಕ್ಕದ ಕೋಣೆಯಲ್ಲಿ ನಿಂತಂತೆ ಕೇಳುತ್ತದೆ; ಇದನ್ನು ಪ್ರಸಾರ ಮಾಡಲಾರೆ. ಕೊನೆಯಲ್ಲಿ ಒಂದು ಪ್ರಶ್ನೆ: ‘ಆರಂಭದಲ್ಲಿರುವುದು ದೋಣಿಯ ಇಂಜಿನ್ ಅಲ್ಲವೇ? ಯಾವ ನೀರು ಅದು?’

ಅವರು ಹೇಳಿದಂತೆ ಮಿಶ್ರಣ ತಿದ್ದಿದೆವು. ಹಾಡುಗಾರನನ್ನು ಕೊಟ್ಟಿಗೆಯಿಂದ ಎಬ್ಬಿಸಿ, ಜಗಲಿಯಲ್ಲಿ ಕಂಬಳಿ ಇಳಿಬಿಟ್ಟು ಮತ್ತೆ ಹಾಡಿಸಿದೆವು. ಹಾಡು ಈಗ ಬೇರೆಯೇ ಆಗಿದೆ. ಅಂದಿನಿಂದ ನಾನು ಹಸಿರು ಚುಕ್ಕೆ ನೋಡುವುದು ಆಮೇಲೆ, ಕೆಂಪು ಮೊದಲು.

ಅಂಥ ಕಿವಿ ಊರಿನಲ್ಲೂ ಇದೆ ಎನ್ನಿ. ಶಿವಮೊಗ್ಗದ ದಿನಪತ್ರಿಕೆಯ ವರದಿಗಾರರೊಬ್ಬರು ಕ್ಯಾಂಟೀನಿನಲ್ಲಿ ನನ್ನ ಇಯರ್‌ಫೋನ್ ಹಾಕಿಕೊಂಡು ನಾಲ್ಕೇ ಸೆಕೆಂಡಿಗೆ ‘ಇದು ಲಾಂಚಿನ ಸದ್ದಲ್ಲವೇ?’ ಎಂದರು. ಅವರು ಬರೆದ ಎರಡು ಕಾಲಂ ಸುದ್ದಿಯಲ್ಲಿ ಡ್ರಮ್ಮಿನವನ ಹೆಸರು ಬಿಟ್ಟುಹೋಗಿದೆ, ಅವನಿನ್ನೂ ಮುನಿಸಿಕೊಂಡಿದ್ದಾನೆ. ಆದರೆ ಸಾಗರದ ಕಡೆಯಿಂದ ಅದನ್ನು ಓದಿ ಫೋನ್ ಮಾಡಿದವರು, ತಮ್ಮ ಮುಳುಗಿದ ಊರಿನ ಹೆಸರು ಹಾಡಿನಲ್ಲಿ ಯಾಕಿಲ್ಲ ಎಂದು ಕೇಳಿದರು. ಇಟಲಿ, ಬ್ರೆಜಿಲಿನ ಕೊಂಡಿಗಳಿಂದ ಅಂಥ ಒಂದು ಕರೆಯೂ ಬಂದಿಲ್ಲ.

ಸ್ಕಿಪ್ ಜೇಮ್ಸ್ 1931ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಗ್ರಾಫ್ಟನ್ನಿನಲ್ಲಿ ಧ್ವನಿಮುದ್ರಿಸಿದ ಗ್ರಾಮಫೋನ್ ತಟ್ಟೆಗಳು ಆರ್ಥಿಕ ಕುಸಿತದ ಕಾಲದಲ್ಲಿ ಮಾರಾಟವಾಗದೆ ಉಳಿದವು. ಅವನನ್ನು ಹುಡುಕಿಕೊಂಡು ಬಂದವರಿಗೆ ಅವನು ಸಿಕ್ಕಿದ್ದು 1964ರಲ್ಲಿ, ಆಸ್ಪತ್ರೆಯ ಹಾಸಿಗೆಯ ಮೇಲೆ. ನಮ್ಮ ಗಿಟಾರಿನವನು ಇದನ್ನು ಹೇಳಿ ‘ಅವಸರವೇನು?’ ಎನ್ನುತ್ತಾನೆ. ಅವನಿಗೇನು, ಕಾರ್ಡು ನನ್ನದು.

ಆದ್ದರಿಂದ ಸೇರುವವರು ಬಿಡಿಬಿಡಿಯಾಗಿ ಕಳುಹಿಸುವ ಸಾಧಾರಣ ಯೋಜನೆಯನ್ನು ಮಾತ್ರ ಕೊಳ್ಳಿ. ತಿರಸ್ಕರಿಸುವಾಗ ಉದ್ದ ಬರೆಯುವ ಅಭ್ಯಾಸ ಯಾರಿಗಿದೆ ಎಂದು ಅವರ ಪುಟದಲ್ಲಿ ನೋಡಿ ಆರಿಸಿ. ‘ಖಚಿತ ಪ್ರಕಟಣೆ’ಯ ಹಣಕ್ಕೆ ಒಳ್ಳೆಯ ಮೈಕ್ ಸ್ಟ್ಯಾಂಡ್ ಬರುತ್ತದೆ. ಸ್ವಯಂ ನವೀಕರಣದ ಗುರುತು ಪುಟದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿದೆ. ಖಾತೆ ತೆರೆದ ದಿನವೇ ಅದನ್ನು ತೆಗೆದುಹಾಕಿ.