ಹೊಸ ಮೆಟಲ್ ಆಲ್ಬಮ್‌ಗಳ ವಿಮರ್ಶೆಗೆ ಯಾವುದು ಸರಿ: ಎಲ್‌.ಪಿ., ಸ್ಟ್ರೀಮಿಂಗ್ ಅಥವಾ ಸಿ.ಡಿ.?

ಹೊಸದಾಗಿ ಬರುವ ಹೆವಿ ಮೆಟಲ್ ಮತ್ತು ಹಾರ್ಡ್ ರಾಕ್ ಆಲ್ಬಮ್‌ಗಳನ್ನು ಕೇಳಿ ವಿಮರ್ಶೆ ಬರೆಯುವವರಿಗೆ ಸಿ.ಡಿ.ಯಷ್ಟು ಒದಗುವ ಮಾಧ್ಯಮ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮೂರನ್ನೂ ಬಳಸಿ ನೋಡಿದ ಮೇಲೆ, ಅದರಲ್ಲೂ ಹಲವು ಸಿ.ಡಿ.ಗಳ ಬೆಲೆ ತೆತ್ತು ಕೊಂಡ ಒಂದು ಜೋಡಿ ಎಲ್‌.ಪಿ. (ಎರಡು ವಿನೈಲ್ ತಟ್ಟೆಗಳಲ್ಲಿ ಬಂದ ಆಲ್ಬಮ್) ನಿರಾಸೆ ಮಾಡಿದ ಮೇಲೆ, ಈ ಅಭಿಪ್ರಾಯ ಗಟ್ಟಿಯಾಯಿತು.

ಆ ಎಲ್‌.ಪಿ.ಯ ತೊಂದರೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪ್ರತಿ ಬದಿಯ ಮೊದಲ ಹಾಡು ಅಚ್ಚುಕಟ್ಟಾಗಿ ಕೇಳುತ್ತಿತ್ತು. ಆದರೆ ಸೂಜಿ ಒಳಗೆ ಸರಿದು ಲೇಬಲ್ಲಿನ ಹತ್ತಿರ ಬಂದಂತೆ ಸಿಂಬಲ್‌ಗಳ (ಡ್ರಮ್ ಜೊತೆ ಬಾರಿಸುವ ಲೋಹದ ತಾಳಗಳ) ನಾದ ಒಡೆದು ಕರಕರ ಎನ್ನತೊಡಗುತ್ತಿತ್ತು, ಗಾಯಕ ಉಚ್ಚರಿಸುವ ಸಕಾರ ಶಕಾರಗಳೆಲ್ಲ ಉಗುಳಿದಂತೆ ಕೇಳುತ್ತಿದ್ದವು. ಮಾರಾಟಗಾರರು ತಕರಾರಿಲ್ಲದೆ ಬದಲಿ ಪ್ರತಿ ಕಳುಹಿಸಿದರು. ಅದರಲ್ಲೂ ಅದೇ ಜಾಗದಲ್ಲಿ ಅದೇ ಕರಕರ.

ಕಾರಣ ತಟ್ಟೆಯ ರಚನೆಯಲ್ಲೇ ಇದೆ. ಎಲ್‌.ಪಿ. ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಆ ವೇಗ ಬದಲಾಗುವುದಿಲ್ಲ. ಆದರೆ ಅಂಚಿನ ಗೆರೆಯ ಸುತ್ತಳತೆ ದೊಡ್ಡದು, ಒಳಗಿನದು ಚಿಕ್ಕದು. ಹಾಗಾಗಿ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸೂಜಿಯ ಕೆಳಗೆ ಹಾದುಹೋದರೆ, ಲೇಬಲ್ಲಿನ ಬಳಿ ಹಾದುಹೋಗುವುದು 21 ಸೆಂಟಿಮೀಟರಿನ ಆಸುಪಾಸು ಮಾತ್ರ. ಸಿಂಬಲ್ಲಿನ ಸೂಕ್ಷ್ಮ ಕಂಪನಗಳೆಲ್ಲ ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಒತ್ತೊತ್ತಾಗಿ ಅಡಕವಾಗಬೇಕು, ಆ ಒತ್ತಾದ ತಿರುವುಗಳನ್ನು ಸಾಮಾನ್ಯ ಸೂಜಿಯ ತುದಿ ಹಿಂಬಾಲಿಸಲಾರದು. ಒಂದು ಗಿಟಾರು, ಒಂದು ದನಿಯಿರುವ ಮೆಲುಹಾಡು ಇದರಿಂದ ಹೇಗೋ ಪಾರಾಗುತ್ತದೆ. ಡ್ರಮ್ಮಿಗೆ ಬಿಡುವೇ ಇಲ್ಲದ ಮೆಟಲ್ ಪಾರಾಗುವುದಿಲ್ಲ.

ಇದರ ಮೇಲೆ, ಆಲ್ಬಮ್ಮಿನ ಅತಿ ಉದ್ದದ, ಅತಿ ಮಹತ್ವಾಕಾಂಕ್ಷೆಯ ಹಾಡನ್ನು ಕೊನೆಗೆ ಇಡುವ ರೂಢಿ ಮೆಟಲ್ ತಂಡಗಳಿಗಿದೆ. ಮೆಟಾಲಿಕಾದ 2023ರ ‘72 ಸೀಸನ್ಸ್’ ಮುಗಿಯುವುದು 11 ನಿಮಿಷ ದಾಟುವ ಹಾಡಿನಿಂದ. ಐರನ್ ಮೇಡನ್‌ನ 2021ರ ‘ಸೆಂಜುಟ್ಸು’ವಿನ ಕೊನೆಯ ಮೂರು ಹಾಡುಗಳೂ ತಲಾ 10 ನಿಮಿಷ ಮೀರಿದವು. ಬದಿಯ ತುಂಬ ಕೊರೆಯದೆ ಒಳಭಾಗವನ್ನು ಖಾಲಿ ಬಿಟ್ಟರೆ ತೊಂದರೆ ತಗ್ಗುತ್ತದೆ, ನಿಜ. ಆದರೆ ಆಗ ತಟ್ಟೆಗಳ ಸಂಖ್ಯೆಯೂ ಬೆಲೆಯೂ ಏರುತ್ತವೆ. 82 ನಿಮಿಷಗಳ ‘ಸೆಂಜುಟ್ಸು’ ಮೂರು ತಟ್ಟೆಗಳಲ್ಲಿ ಬಂದಿದೆ, ಕೇಳಿ ಮುಗಿಸುವಷ್ಟರಲ್ಲಿ ಐದು ಸಲ ಏಳಬೇಕು.

ಸೂಜಿಯ ಕೋನವನ್ನು ಅಳತೆಯ ಹಾಳೆಯಿಟ್ಟು ಸರಿಪಡಿಸಿದಾಗ ಕರಕರ ಕೊಂಚ ತಗ್ಗಿತು, ಹೋಗಲಿಲ್ಲ. ಇನ್ನೂ ಸೂಕ್ಷ್ಮವಾದ ತುದಿಯ ಸೂಜಿ ಹಾಕಿದರೆ ಹೋಗುತ್ತದೆ ಎನ್ನುತ್ತಾರೆ. ಅದರ ಬೆಲೆ ಕೇಳಿದ ಮೇಲೆ ನಾನು ಆ ಮಾತನ್ನು ಮುಂದುವರಿಸಲಿಲ್ಲ. ಸುಮ್ಮನೆ ಕೇಳುವವರಿಗೆ ಇದು ಕಿರಿಕಿರಿ ಮಾತ್ರ. ವಿಮರ್ಶೆ ಬರೆಯುವವರಿಗೆ ಪ್ರಶ್ನೆ ಬೇರೆ: ಕಿವಿಗೆ ಬಿದ್ದ ದೋಷ ಡ್ರಮ್ ಬಾರಿಸಿದವನದೋ, ಮಿಕ್ಸಿಂಗ್ ಮಾಡಿದವನದೋ, ತಟ್ಟೆಯದೋ? ಅದೇ ಆಲ್ಬಮ್ಮಿನ ಸಿ.ಡಿ. ತರಿಸಿ ಕೇಳಿದಾಗ ಸಿಂಬಲ್‌ಗಳು ಮೊದಲಿನಿಂದ ಕೊನೆಯವರೆಗೆ ಸ್ವಚ್ಛವಾಗಿದ್ದವು. ಸಿ.ಡಿ.ಯಲ್ಲಿ ಮೊದಲ ನಿಮಿಷಕ್ಕೂ ಕೊನೆಯ ನಿಮಿಷಕ್ಕೂ ಗುಣದಲ್ಲಿ ಭೇದವಿಲ್ಲ, ಆದ್ದರಿಂದ ಅಲ್ಲಿ ಕೇಳಿದ ದೋಷವನ್ನು ಧೈರ್ಯವಾಗಿ ತಂಡದ ಲೆಕ್ಕಕ್ಕೆ ಬರೆಯಬಹುದು.

ಸ್ಟ್ರೀಮಿಂಗ್ ಅಗ್ಗ, ಬಿಡುಗಡೆಯ ದಿನವೇ ಕೈಗೆ ಸಿಗುತ್ತದೆ. ಬಿಟ್‌ರೇಟಿನ (ಪ್ರತಿ ಸೆಕೆಂಡಿಗೆ ಎಷ್ಟು ದತ್ತಾಂಶ ಬರುತ್ತದೆ ಎಂಬುದರ) ವಾದಕ್ಕೆ ನಾನು ಇಳಿಯುವುದಿಲ್ಲ, ಏಕೆಂದರೆ ಉತ್ತಮ ಮಟ್ಟದಲ್ಲಿಟ್ಟರೆ ನನ್ನ ಕಿವಿಗೆ ವ್ಯತ್ಯಾಸ ಹತ್ತುವುದಿಲ್ಲ. ಒಂದು ವಿಷಯದಲ್ಲಂತೂ ಅದು ಸಿ.ಡಿ.ಯನ್ನು ಸೋಲಿಸುತ್ತದೆ: ಈ ಸೇವೆಗಳು ಎಲ್ಲ ಹಾಡುಗಳ ಗಟ್ಟಿತನವನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುತ್ತವೆ (ಸ್ಪಾಟಿಫೈಯಲ್ಲಿ ಆ ಮಟ್ಟ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್; ಇದು ಗಟ್ಟಿತನವನ್ನು ಅಳೆಯುವ ಮಾನ). ಬರೀ ಗಟ್ಟಿಯಾಗಿ ಕೇಳಿಸಲೆಂದು ಏರಿಳಿತವನ್ನೆಲ್ಲ ಹಿಂಡಿ ತೆಗೆದ ಆಲ್ಬಮ್ ಎಷ್ಟು ಚಪ್ಪಟೆಯಾಗಿದೆ ಎಂಬುದು ಆಗ ತಕ್ಷಣ ಬಯಲಾಗುತ್ತದೆ. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಬಗ್ಗೆ ಎದ್ದ ದೊಡ್ಡ ಗದ್ದಲವೇ ಇದು. ವೀಡಿಯೊ ಆಟಕ್ಕೆಂದು ಕೊಟ್ಟ ಆವೃತ್ತಿಯಲ್ಲಿ ಏರಿಳಿತ ಹೆಚ್ಚಿದೆ, ಅದೇ ಚೆನ್ನಾಗಿದೆ ಎಂದು ಅಭಿಮಾನಿಗಳೇ ದೂರಿದ್ದರು.

ಆದರೂ ಸ್ಟ್ರೀಮಿಂಗ್ ನನ್ನ ಮೊದಲ ಆಯ್ಕೆಯಾಗದಿರುವುದಕ್ಕೆ ಕಾರಣ ಸಿ.ಡಿ.ಯ ಜೊತೆ ಬರುವಂಥ, ಹಾಡುಗಳ ಸಾಹಿತ್ಯ ಅಚ್ಚಾದ ಕಿರುಪುಸ್ತಿಕೆ ಇಲ್ಲದಿರುವುದು. ಓಪೆತ್ ತಂಡದ 2024ರ ‘ದ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’ನಲ್ಲಿ ಒಂದು ಮನೆತನದ ಯಜಮಾನನ ಉಯಿಲನ್ನು ವಾರಸುದಾರರ ಮುಂದೆ ಓದುವುದೇ ಕಥೆ; ಮೊದಲ ಏಳು ಹಾಡುಗಳಿಗೆ ಹೆಸರೇ ಇಲ್ಲ, ಉಯಿಲಿನ ಕಲಮುಗಳಂತೆ ಸಂಖ್ಯೆಗಳಷ್ಟೇ. ಇಂಥದ್ದನ್ನು ಸಾಹಿತ್ಯ ಎದುರಿಗಿಟ್ಟುಕೊಳ್ಳದೆ ಕೇಳಿ ಬರೆದರೆ ರಿಫ್‌ಗಳ (ಗಿಟಾರಿನಲ್ಲಿ ಮರುಕಳಿಸುವ ತುಣುಕುಗಳ) ಬಗ್ಗೆ ಬರೆಯಬಹುದು, ಆಲ್ಬಮ್ ಬಗ್ಗೆ ಅಲ್ಲ. 

ಸಿ.ಡಿ.ಗೂ ಕುಂದುಗಳಿವೆ. ಡಬ್ಬಿಯ ಹಲ್ಲುಗಳು ಮುರಿಯುತ್ತವೆ, ಪುಸ್ತಿಕೆಯ ಅಕ್ಷರ ಓದಲು ಕನ್ನಡಕ ಬೇಕು, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇರುವುದಿಲ್ಲ. ಒಂದು ತಟ್ಟೆಯಲ್ಲಿ ಹಿಡಿಸುವ ಅವಧಿಗೂ ಮಿತಿಯಿದೆ: 77 ನಿಮಿಷಗಳ ‘72 ಸೀಸನ್ಸ್’ ಒಂದೇ ತಟ್ಟೆಯಲ್ಲಿ ಹಿಡಿಸಿತು, ‘ಸೆಂಜುಟ್ಸು’ವಿಗೆ ಎರಡು ಬೇಕಾದವು.

ಕಡಿಮೆ ಅವಧಿಯ ಆಲ್ಬಮ್‌ಗಳಿಗೆ ಮಾತ್ರ ಎಲ್‌.ಪಿ.ಯನ್ನು ಈಗಲೂ ಒಪ್ಪುತ್ತೇನೆ. ಎಸಿ/ಡಿಸಿಯ 2020ರ ‘ಪವರ್ ಅಪ್’ 41 ನಿಮಿಷದ್ದು, ಎರಡು ಬದಿಗಳಿಗೆ ಹೇಳಿ ಮಾಡಿಸಿದಂತಿದೆ. ದೊಡ್ಡ ಹೊದಿಕೆಯ ಚಿತ್ರದ ಮುಂದೆ ಸಿ.ಡಿ.ಯದು ಏನೂ ಅಲ್ಲ. ಆದರೆ ಅದು ಇಷ್ಟಪಟ್ಟು ಇಟ್ಟುಕೊಳ್ಳುವ ಮಾತು. ನಾನು ಬರೆಯುವಾಗ ಒಂದೇ ಹಾಡಿನ ಒಂದೇ ತುಣುಕಿಗೆ ಮತ್ತೆ ಮತ್ತೆ ಹಿಂದಿರುಗುತ್ತೇನೆ. ಎಲ್‌.ಪಿ.ಯಲ್ಲಿ ಹಾಗೆ ಮಾಡಿದರೆ ಸೂಜಿಯೂ ಸವೆಯುತ್ತದೆ, ಗೆರೆಯೂ ಸವೆಯುತ್ತದೆ. ಆದ್ದರಿಂದ ಮೊದಲು ಸ್ಟ್ರೀಮಿಂಗ್‌ನಲ್ಲಿ ಕೇಳಿ, ಬರೆಯಬೇಕು ಅನ್ನಿಸಿದ ಆಲ್ಬಮ್ಮಿನ ಸಿ.ಡಿ.ಯನ್ನಷ್ಟೇ ಕೊಳ್ಳುತ್ತೇನೆ. ಸಿ.ಡಿ.ಯನ್ನೇ ಹೊರತರದ ಸಣ್ಣ ತಂಡಗಳದ್ದಾದರೆ ಹಾಡುಗಳನ್ನು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಗುಣ ಕುಂದದ ಫ್ಲ್ಯಾಕ್ ಕಡತ ಕೊಂಡುಕೊಂಡು, ಸಾಹಿತ್ಯವನ್ನು ಮುದ್ರಿಸಿಕೊಳ್ಳುತ್ತೇನೆ.